ಅಪ್ಪ ದಾಟದ ಹೊಸ್ತಿಲು

ಮಧುಗಿರಿಯಲ್ಲಿ ನಾವಿದ್ದ ಮನೆಗೆ ಮೂರೇ ಗೋಡೆ. ನಾಲ್ಕನೆಯದು ಬೆಟ್ಟ. ಹೀಗೆಂದರೆ ನನ್ನ ಮೊಮ್ಮಕ್ಕಳು ಅಜ್ಜಿ ಬುರುಡೆ ಬಿಡುತ್ತಾಳೆ ಅಂತ ನಗುತ್ತವೆ. ಬೆಟ್ಟದ ಬುಡದಲ್ಲಿ ಆನೆ ಗಾತ್ರದ ಒಂದು ಬಂಡೆ ಬೀದಿಯ ಕಡೆಗೆ ಚಾಚಿಕೊಂಡಿತ್ತು. ಮನೆ ಕಟ್ಟಿದ ಪುಣ್ಯಾತ್ಮ ಖರ್ಚು ಉಳಿಸಲೆಂದು ಮೂರು ಕಡೆ ಮಣ್ಣಿನ ಗೋಡೆ ಎಬ್ಬಿಸಿ, ನಾಲ್ಕನೆಯ ಕಡೆ ಆ ಬಂಡೆಗೇ ಮಾಡು ಆನಿಸಿಬಿಟ್ಟಿದ್ದ. ಮಳೆಗಾಲದಲ್ಲಿ ಬಂಡೆ ಬೆವರುತ್ತಿತ್ತು. ಬೇಸಿಗೆಯಲ್ಲಿ ಹಗಲೆಲ್ಲ ಕುಡಿದ ಬಿಸಿಲನ್ನು ಸಂಜೆ ನಮಗೆ ವಾಪಸು ಕೊಡುತ್ತಿತ್ತು. ಇದ್ದದ್ದು ಒಂದು ನಡುಮನೆ, ಒಂದು ಅಡುಗೆಮನೆ. ಅಡುಗೆಮನೆಯ ಕಡೆ ಬಂಡೆಯಲ್ಲೊಂದು ಸೀಳಿತ್ತು. ಅಮ್ಮ ಅದರೊಳಗೆ ಉಪ್ಪಿನ ಡಬ್ಬಿ, ಬೆಂಕಿಪೊಟ್ಟಣ ಇಡುತ್ತಿದ್ದಳು. ನಾನೂ ಅಕ್ಕ ಕರುಣಾಳೂ ಬಹಳ ವರ್ಷ ಎಲ್ಲರ ಮನೆಗೂ ಒಂದು ಗೋಡೆ ಹೀಗೇ ಇರುತ್ತದೆ ಅಂದುಕೊಂಡಿದ್ದೆವು.

ಅಪ್ಪ ಉಪದೇಶಿ. ಪಾದ್ರಿಗಿಂತ ಒಂದು ಮೆಟ್ಟಿಲು ಕೆಳಗಿನ ಕೆಲಸ ಅದು. ಸೈಕಲ್ಲಿನಲ್ಲಿ ಹಳ್ಳಿಹಳ್ಳಿಗೆ ಹೋಗಿ ಬೈಬಲ್ಲಿನ ಕತೆ ಹೇಳುವುದು, ಪ್ರಾರ್ಥನೆ ಮಾಡಿಸುವುದು, ಕಾಯಿಲೆಯವರ ತಲೆ ಮೇಲೆ ಕೈಯಿಡುವುದು, ಸತ್ತವರನ್ನು ಹೂಳಿ ಬರುವುದು. ಪಾದ್ರಿ ಅಯ್ಯನೋರು ತುಮಕೂರಿನಿಂದ ತಿಂಗಳಿಗೊಮ್ಮೆ ಬರುವರು. ಮಿಕ್ಕ ದಿನವೆಲ್ಲ ಅಪ್ಪನದೇ ಆಡಳಿತ. ಸೈಕಲ್ಲಿನ ಹಿಂದೆ ಒಂದು ಕೋಲು ಕಟ್ಟಿಕೊಂಡಿರುತ್ತಿದ್ದರು, ಹಳ್ಳಿಯ ನಾಯಿಗಳಿಗೆಂದು. ಬೀದಿಯವರು ಅದಕ್ಕೆ ಮೋಶೆಯ ಕೋಲು ಅಂತ ಹೆಸರಿಟ್ಟಿದ್ದರು. ಅಪ್ಪನಿಗೆ ಮೋಶೆಯ ಹುಚ್ಚು ಅಷ್ಟಿತ್ತು. ದೊರೆ ಫರೋಹನ ಕೈಯಿಂದ ಜೀತದ ಜನರನ್ನು ಬಿಡಿಸಿ, ಸಮುದ್ರ ದಾಟಿಸಿ, ನಲವತ್ತು ವರ್ಷ ಮರಳುಗಾಡಿನಲ್ಲಿ ಅವರ ಗೊಣಗಾಟ ಸಹಿಸಿಕೊಂಡು ನಡೆಸಿದ ಆ ಮುದುಕ ಅಪ್ಪನಿಗೆ ನಮ್ಮ ಸೋದರಮಾವಂದಿರಿಗಿಂತ ಹತ್ತಿರದ ನೆಂಟ. ರಾಗಿಮುದ್ದೆ, ಹುರುಳಿಕಾಳಿನ ಸಾರು ಉಂಡು ತಟ್ಟೆ ತೊಳೆದಿಟ್ಟ ಮೇಲೆ ಚಾಪೆ ಹಾಸಿ ಕುಟುಂಬ ಪ್ರಾರ್ಥನೆ. ಅಪ್ಪನ ಬಲಕ್ಕೆ ಅಕ್ಕ, ಎಡಕ್ಕೆ ನಾನು, ಎದುರಿಗೆ ಅಮ್ಮ. ವಿಮೋಚನಕಾಂಡದಿಂದ ಹಿಡಿದು ಮೋಶೆ ಸಾಯುವವರೆಗೆ ದಿನಕ್ಕಿಷ್ಟು ಓದುವುದು, ಮುಗಿದರೆ ಮತ್ತೆ ಮೊದಲಿಂದ. ಅಯ್ಯನೋರು ಒಮ್ಮೆ, ಬೈಬಲ್ಲಿನಲ್ಲಿ ಬೇರೆಯವರೂ ಇದ್ದಾರಪ್ಪ ಅಂತ ತಮಾಷೆ ಮಾಡಿದ್ದರು. ಅಪ್ಪ ನಗಲಿಲ್ಲ.

ಆ ಕತೆಯಲ್ಲಿ ಬಂಡೆಯ ಪ್ರಸಂಗ ಬಂದಾಗ ಅಪ್ಪ ತಿರುಗಿ ನಮ್ಮ ನಾಲ್ಕನೆಯ ಗೋಡೆಯ ಮೇಲೆ ಅಂಗೈ ಇಡುತ್ತಿದ್ದರು. ಜನ ನೀರಿಲ್ಲವೆಂದು ಗೊಣಗುತ್ತಾರೆ. ದೇವರು ಮೋಶೆಗೆ, ಬಂಡೆಯ ಹತ್ತಿರ ಮಾತಾಡು, ನೀರು ಕೊಡುತ್ತದೆ ಅನ್ನುತ್ತಾನೆ. ಮೋಶೆಗೆ ಜನರ ಮೇಲಿನ ಸಿಟ್ಟು ನೆತ್ತಿಗೇರಿರುತ್ತದೆ. ಮಾತಾಡುವ ಬದಲು ಕೋಲೆತ್ತಿ ಎರಡು ಸಲ ಹೊಡೆಯುತ್ತಾನೆ. ನೀರೇನೋ ಬರುತ್ತದೆ. ಆದರೆ ದೇವರು, ಈ ಜನಕ್ಕೆ ಕೊಡುತ್ತೇನೆಂದ ದೇಶದೊಳಗೆ ನೀನು ಕಾಲಿಡುವುದಿಲ್ಲ ಅಂದುಬಿಡುತ್ತಾನೆ. ಕೊನೆಗೆ ಮೋಶೆ ನೆಬೋ ಬೆಟ್ಟದ ಮೇಲೆ ನಿಂತು ದೂರದಿಂದಲೇ ಆ ಸೀಮೆಯನ್ನು ಕಣ್ತುಂಬ ನೋಡಿ ಸಾಯುತ್ತಾನೆ. ನನಗೆ ದೇವರ ಮೇಲೆ ಕೆಂಡದಂಥ ಕೋಪ ಬರುತ್ತಿತ್ತು. ನಲವತ್ತು ವರ್ಷ ದುಡಿಸಿಕೊಂಡು ಎರಡೇಟಿಗೆ ಇಷ್ಟು ಶಿಕ್ಷೆಯೇ ಅಂತ ಕೇಳಿದ್ದೆ. ಅಪ್ಪ ಪುಸ್ತಕ ಮುಚ್ಚಿ ಹೇಳಿದ್ದು ನೆನಪಿದೆ:

“ದೊಡ್ಡೋನು ಮಾಡಿದ್ರೆ ತಪ್ಪೂ ದೊಡ್ಡದೇ ಕಣಮ್ಮ.”

ಅಪ್ಪನಿಗೆ ಮೋಶೆಯ ಮೇಲೆ ಇನ್ನೊಂದು ತಕರಾರೂ ಇತ್ತು, ಕಸುಬಿನದು. ಉಪದೇಶಿಯಾಗುವ ಮೊದಲು ಅಪ್ಪ ಕಲ್ಲು ಒಡೆಯುವವರು. ಕೊರಟಗೆರೆಯ ಕಡೆ ಅಜ್ಜನ ಜೊತೆ ಕಲ್ಲಿನ ಕೆಲಸ ಕಲಿತಿದ್ದರು. ಅಜ್ಜ ಕಲ್ಲಿಗಿಂತ ಹೆಚ್ಚಾಗಿ ಮಗನಿಗೆ ಹೊಡೆದವನು. ಅಪ್ಪನ ಬೆನ್ನಿನ ಮೇಲೆ ಹಗ್ಗದ ಬಾಸುಂಡೆಯ ಗುರುತು ಕೊನೆಯವರೆಗೂ ಇತ್ತು. ಬಂಡೆಯೊಂದನ್ನು ಸೀಳಬೇಕಾದರೆ ಕಲ್ಲುಕುಟಿಗ ಮೊದಲು ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ, ಕಿವಿಯಿಟ್ಟು ಕೇಳುತ್ತಾನೆ. ಗಟ್ಟಿ ಕಲ್ಲು ಗಂಟೆಯ ಹಾಗೆ ನುಡಿಯುತ್ತದೆ, ಒಳಗೆ ಬಿರುಕಿದ್ದರೆ ಒಡಕು ಮಡಕೆಯ ಸದ್ದು. ಆ ಸದ್ದು ಕೇಳದೆ ಹೊಡೆದರೆ ಕಲ್ಲು ಬೇಡದ ಕಡೆ ಸೀಳಿಹೋಗುತ್ತದೆ, ಮೋಶೆ ಹಾಗೆ ಕೇಳದೆಯೇ ಹೊಡೆದ ಅನ್ನುತ್ತಿದ್ದರು ಅಪ್ಪ. ಅಪ್ಪ ನಮ್ಮಿಬ್ಬರ ಕಿವಿಯನ್ನು ಗೋಡೆಯ ಬಂಡೆಗೆ ಆನಿಸಿ, ಆಚೆ ತುದಿಯಲ್ಲಿ ತಟ್ಟಿ, ಕೇಳಿಸಿತಾ ಅನ್ನುತ್ತಿದ್ದರು. ಅಕ್ಕನದು ಚುರುಕು ಕಿವಿ. ಅವಳು ಕಣ್ಣು ಮುಚ್ಚಿಕೊಂಡು, ಅಪ್ಪ ಎಲ್ಲಿ ತಟ್ಟಿದರು ಅಂತ ಬೆರಳು ಮಾಡಿ ತೋರಿಸುತ್ತಿದ್ದಳು. ಅಪ್ಪನಿಗೆ ಅವಳ ಮೇಲೆ ನನಗಿಂತ ಒಂದು ಹಿಡಿ ಜಾಸ್ತಿ ಪ್ರೀತಿ. ನನಗೆ ಅದು ಗೊತ್ತಿತ್ತು, ಹೊಟ್ಟೆ ಉರಿಯುತ್ತಲೂ ಇತ್ತು.

ಅಜ್ಜನ ಹಗ್ಗ, ಮೋಶೆಯ ಕೋಲು, ಎರಡೂ ಸೇರಿ ನಮ್ಮ ಮನೆಗೊಂದು ಕಟ್ಟಳೆ ಬಂದಿತ್ತು: ಇಲ್ಲಿ ಯಾರೂ ಯಾರ ಮೇಲೂ ಕೈಯೆತ್ತುವ ಹಾಗಿಲ್ಲ. ಇಡೀ ಬೀದಿಯಲ್ಲಿ ಏಟು ತಿನ್ನದ ಮಕ್ಕಳು ನಾವಿಬ್ಬರೇ. ತಪ್ಪು ಮಾಡಿದರೆ ಅಪ್ಪ ಎದುರಿಗೆ ಕೂರಿಸಿಕೊಂಡು ಮಾತಾಡುತ್ತಿದ್ದರು. ಅದಕ್ಕಿಂತ ಎರಡು ಬಿಗಿದು ಬಿಟ್ಟಿದ್ದರೆ ವಾಸಿ ಅನ್ನಿಸುವಷ್ಟು ಹೊತ್ತು ಮಾತಾಡುತ್ತಿದ್ದರು. ಅಮ್ಮ ಪಾವಗಡದ ಕಡೆಯವಳು. ಸಿಟ್ಟು ಬಂದರೆ ದೇವರ ಹತ್ತಿರ ತೆಲುಗಿನಲ್ಲಿ ದೂರು ಹೇಳುತ್ತಿದ್ದಳೇ ಹೊರತು ಅವಳೂ ಕೈಯೆತ್ತಲಿಲ್ಲ.

ನನಗೆ ಹತ್ತು, ಅಕ್ಕನಿಗೆ ಹದಿನೈದು ವರ್ಷವಿದ್ದಾಗ ಅಪ್ಪ ಮಿಡಿಗೇಶಿಯಲ್ಲಿ ಒಂದು ಪ್ರಾರ್ಥನಾಲಯ ಕಟ್ಟಲು ಹೊರಟರು. ಊರ ಹೊರಗೆ ನಮ್ಮ ಜನರ ಏಳೆಂಟು ಮನೆಗಳಿದ್ದವು. ಅವರು ಬೇವಿನ ಮರದ ಕೆಳಗೆ ಪ್ರಾರ್ಥನೆ ಮಾಡುತ್ತಿದ್ದರು. ಅಪ್ಪ ಮತ್ತೆ ಸುತ್ತಿಗೆ ಹಿಡಿದರು. ಎಲ್ಲರೂ ಕೈ ಹಾಕಿದರು. ದಾವೀದಪ್ಪನೆಂಬ ಯುವಕ ಗಾರೆ ಕಲಸುವುದಕ್ಕೆ ನಿಂತ. ಹೊಸ್ತಿಲಿನ ಕಲ್ಲನ್ನು ಮಾತ್ರ ಅಪ್ಪ ಯಾರಿಗೂ ಮುಟ್ಟಲು ಬಿಡದೆ ತಾವೇ ಕಡೆದರು. ಶನಿವಾರ ಭಾನುವಾರ ನಾವೂ ಬಸ್ಸಿನಲ್ಲಿ ಹೋಗಿ ಕೆಲಸಕ್ಕೆ ನಿಲ್ಲುತ್ತಿದ್ದೆವು. ಕಷ್ಟವಿದ್ದದ್ದು ನೀರಿನದು. ಊರ ಬಾವಿಗೆ ನಮ್ಮವರು ಇಳಿಯುವ ಹಾಗಿರಲಿಲ್ಲ. ಮೈಲು ದೂರದ ಹೊಲದ ಬಾವಿಯಿಂದ ಹೆಂಗಸರು, ಮಕ್ಕಳು ಕೊಡದಲ್ಲಿ ಹೊತ್ತು ತರಬೇಕು. ಮಾಡು ಕೂರಿಸುವ ವಾರ ಬಿಸಿಲು ಸುಡುತ್ತಿತ್ತು. ಅಕ್ಕ ಬೆಳಗಿನಿಂದ ಎಷ್ಟು ಸಲ ಹೋಗಿಬಂದಿದ್ದಳೋ. ಗಾರೆಗೆ ಇನ್ನೂ ನೀರು ಬೇಕು, ಬೇಗ ಬೇಗ ಅಂತ ಅಪ್ಪ ಗದರುತ್ತಲೇ ಇದ್ದರು. ಅಕ್ಕ ಕೊಡ ಇಳಿಸಿ, ತಲೆಯ ಮೇಲಿನ ಸಿಂಬಿಯ ಬಟ್ಟೆಯಿಂದ ಮುಖ ಒರೆಸಿಕೊಂಡು, ಹೆಂಗಸರ ಕಡೆ ತಿರುಗಿ ಹೇಳಿದಳು:

“ಮೋಶೆ ಕೋಲಲ್ಲಿ ಹೊಡೆದ್ರೆ ಬಂಡೆಯಿಂದ ನೀರು ಬಂತಂತೆ. ನಮ್ಮಪ್ಪನ ಕೋಲಿಗೆ ನಾಯೀನೂ ಹೆದ್ರಲ್ಲ. ಅದ್ಕೇ ನಮ್ ತಲೆ ಮ್ಯಾಲೆ ಕೊಡ.”

ಮೊದಲು ನಕ್ಕವಳು ನಾನು. ಅಕ್ಕನ ಎಡಗಡೆ, ಅವಳ ಸೆರಗು ಹಿಡಿದುಕೊಂಡಂತೆ ನಿಂತಿದ್ದೆ. ಗಟ್ಟಿಯಾಗಿ, ಕಿಸಕ್ಕನೆ ನಕ್ಕುಬಿಟ್ಟೆ. ನನ್ನ ನಗು ಕೇಳಿ ಹೆಂಗಸರು ನಕ್ಕರು, ಗಾರೆಯ ಗುದ್ದಲಿ ಹಿಡಿದಿದ್ದ ದಾವೀದಪ್ಪನೂ ನಕ್ಕ. ಅಪ್ಪ ಕಟ್ಟೆಯಿಂದ ಇಳಿದು ಬಂದರು. ಕೈಯೆತ್ತಿದ್ದು ನಾನು ನೋಡಿದೆ. ಅದು ಹೊಡೆಯಲಿಕ್ಕೆಂದು ನನಗೆ ಹೊಳೆಯಲಿಲ್ಲ, ಯಾಕೆಂದರೆ ಅದನ್ನು ನಾನು ಕಂಡಿರಲೇ ಇಲ್ಲ. ಕಲ್ಲು ಒಡೆದ ಕೈ. ಅಕ್ಕನ ಎಡಗೆನ್ನೆಗೆ, ಕಿವಿಗೆ ಸೇರಿಸಿ ಒಂದು, ಅದೇ ಜಾಗಕ್ಕೆ ಇನ್ನೊಂದು. ಕೊಡ ಉರುಳಿ ನೀರು ಹೊಸ್ತಿಲ ಕಲ್ಲಿನ ತನಕ ಹರಿಯಿತು. ಅಲ್ಲಿದ್ದ ಪ್ರತಿಯೊಬ್ಬರಿಗೂ ಆ ಕತೆ ಬಾಯಿಪಾಠವಾಗಿತ್ತು, ಕಲಿಸಿದವರು ಅಪ್ಪನೇ. ಎರಡೇಟು ಅಂತ ಎಲ್ಲರೂ ಮನಸ್ಸಿನಲ್ಲೇ ಎಣಿಸಿರಬೇಕು. ಅಪ್ಪ ತಮ್ಮ ಅಂಗೈಯನ್ನು ನೋಡಿಕೊಂಡು, ಮತ್ತೆ ಹೋಗಿ ಕೆಲಸಕ್ಕೆ ಹತ್ತಿದರು.

ಅಕ್ಕನ ಕಿವಿಯಿಂದ ಮೂರನೆಯ ದಿನ ರಕ್ತ, ಆಮೇಲೆ ಕೀವು. ಡಾಕ್ಟರು ಕೇಳಿದಾಗ ಅಮ್ಮ, ಮೆಟ್ಟಿಲ ಮೇಲಿಂದ ಬಿದ್ದಳು ಅಂದಳು. ನಮ್ಮ ಮನೆಗೆ ಮೆಟ್ಟಿಲೇ ಇರಲಿಲ್ಲ. ಡಾಕ್ಟರು, ಕಿವಿಯೊಳಗಿನ ತಮಟೆ ಹರಿದಿದೆ, ಸೋಂಕು ಹತ್ತಿದೆ, ಆ ಕಿವಿ ಇನ್ನು ಕಷ್ಟ ಅಂದರು. ಅಕ್ಕ ಅತ್ತದ್ದು ನಾನು ನೋಡಲಿಲ್ಲ. ಒಂದು ಸಂಜೆ ಪ್ರಾರ್ಥನೆಗೆ ಚಾಪೆ ಹಾಸಿದಾಗ ಅವಳು, ನೀನು ಆ ಕಡೆ ಹೋಗು ಅಂತ ನನ್ನನ್ನು ಎಬ್ಬಿಸಿ, ಅಪ್ಪನ ಎಡಕ್ಕೆ ಬಂದು ಕೂತಳು. ಕೇಳುವ ಬಲಗಿವಿ ಅಪ್ಪನ ಕಡೆಗಿರಲೆಂದು. ಅಪ್ಪ ಅದನ್ನು ನೋಡಿದರು. ಅವತ್ತಿನಿಂದ ಅವರ ಓದು ಜೋರಾಯಿತು. ಬೀದಿಯವರು, ಉಪದೇಶಿ ನಮಗೂ ಸೇರಿಸಿ ಓದುತ್ತಿದ್ದಾರೆ ಅಂತ ನಗುತ್ತಿದ್ದರು. ಓದುತ್ತ ಓದುತ್ತ ಬೈಬಲ್ಲಿನ ಅರಣ್ಯಕಾಂಡದಲ್ಲಿ ಮೋಶೆ ಬಂಡೆಗೆ ಹೊಡೆಯುವ ಆ ಅಧ್ಯಾಯ ಬಂದಾಗ ಅಪ್ಪ ಎರಡು ಹಾಳೆ ಒಟ್ಟಿಗೆ ಮಗುಚಿ ಮುಂದಕ್ಕೆ ಹೋದರು. ಮುಂದಿನ ಸುತ್ತಿನಲ್ಲೂ ಹಾಗೇ. ತಪ್ಪಾಯಿತು ಮಗಳೇ ಅನ್ನುವ ಒಂದು ಮಾತು ಮಾತ್ರ ಅವರ ಬಾಯಿಂದ ಬರಲಿಲ್ಲ. ಗಂಟೆಗಟ್ಟಲೆ ಮಾತಾಡಿ ನಮ್ಮನ್ನು ತಿದ್ದುತ್ತಿದ್ದ ಮನುಷ್ಯ, ಬಂಡೆಯ ಹತ್ತಿರ ಮಾತಾಡಬೇಕಿತ್ತು ಅಂತ ಮೋಶೆಗೇ ಬುದ್ಧಿ ಹೇಳುತ್ತಿದ್ದ ಮನುಷ್ಯ! ಅಕ್ಕ ಎಷ್ಟೋ ದಿನ ಕಾದಳು. ಪ್ರಾರ್ಥನೆ ಮುಗಿದ ಮೇಲೂ ಚಾಪೆಯ ಮೇಲೆ ಸುಮ್ಮನೆ ಕೂತಿರುತ್ತಿದ್ದಳು. ಅಪ್ಪ ಎದ್ದು ಸೈಕಲ್ಲು ಒರೆಸುವುದಕ್ಕೆ ಹೋಗುತ್ತಿದ್ದರು.

ಪ್ರಾರ್ಥನಾಲಯದ ಪ್ರತಿಷ್ಠೆಯ ದಿನ ತುಮಕೂರಿನ ಅಯ್ಯನೋರು ಬಂದರು. ಎಲ್ಲರೂ ಹಾಡುತ್ತ ಬಾಗಿಲ ತನಕ ಹೋದೆವು. ಅಪ್ಪ ಬೀಗದಕೈಯನ್ನು ಅಯ್ಯನೋರ ಕೈಗಿಟ್ಟು, ಹಿಂದಕ್ಕೆ ತಿರುಗಿ, ಗಾಡಿ ದಾರಿ ದಾಟಿ, ಎದುರಿಗಿದ್ದ ಗುಂಡುಬಂಡೆಯ ಮೇಲೆ ಹೋಗಿ ಕೂತರು. ಕರೆಯಲು ಹೋದವರಿಗೆ ಹೇಳಿದ್ದು ಇಷ್ಟೇ:

“ನಾನು ಇಲ್ಲಿಂದ್ಲೇ ನೋಡ್ತೀನಿ.”

ವಿವರಿಸುವ ಅಗತ್ಯ ಯಾರಿಗೂ ಇರಲಿಲ್ಲ. ಹೆಂಗಸರು ಕಣ್ಣೊರೆಸಿಕೊಂಡರು. ಬೇರೆ ಯಾವ ಜನರಾದರೂ ಭುಜ ಹಿಡಿದು ಒಳಗೆ ಎಳೆದುಕೊಂಡು ಹೋಗುತ್ತಿದ್ದರೋ ಏನೋ. ನಮ್ಮವರು ಕತೆಯನ್ನು ನಂಬಿದವರು, ಬಿಟ್ಟುಬಿಟ್ಟರು. ಆಮೇಲೆ ವರ್ಷಗಟ್ಟಲೆ ಅಪ್ಪ ಬೇರೆಲ್ಲ ಹಳ್ಳಿಯಲ್ಲಿ ಒಳಗೆ ನಿಂತು ಪ್ರಾರ್ಥನೆ ಮಾಡಿಸಿದರು. ಮಿಡಿಗೇಶಿಯಲ್ಲಿ ಮಾತ್ರ ಆ ಬಂಡೆಯ ಮೇಲೆ. ಒಳಗೆ ಎಲ್ಲರಿಗೂ ಪ್ರಸಾದದಂತೆ ಹಂಚುವ ಕರ್ತನ ಭೋಜನದ ರೊಟ್ಟಿಯನ್ನು ಅಯ್ಯನೋರು ಅಲ್ಲಿಗೇ ತಂದು ಕೊಡಬೇಕು. ಪ್ರತಿಷ್ಠೆಯ ದಿನ ಮನೆಗೆ ಬಂದ ಮೇಲೆ ಅಮ್ಮ ಮುದ್ದೆಯ ತಟ್ಟೆಯನ್ನು ಅಪ್ಪನ ಮುಂದೆ ಸದ್ದಾಗುವಂತೆ ಇಟ್ಟಳು. ತೆಲುಗು ಬಿಟ್ಟು ಕನ್ನಡದಲ್ಲೇ ಹೇಳಿದಳು:

“ಮೋಶೆಗೆ ಶಿಕ್ಷೆ ಕೊಡಾಕೆ ದೇವ್ರಿದ್ದ. ನಿಮಗೆ ನೀವೇ ಕೊಟ್ಕಂಡ್ರೆ ದೇವ್ರಿಗೇನು ಕೆಲ್ಸ? ಆ ಹುಡುಗಿ ಹತ್ರ ಒಂದ್ ಮಾತಾಡಿ.”

ಅಪ್ಪ ಮುದ್ದೆ ಮುರಿದರು, ಉಂಡರು, ಕೈ ತೊಳೆದರು.

ಸಭೆಯವರ ಕಣ್ಣಿನಲ್ಲಿ ಅಪ್ಪ ದೊಡ್ಡ ಭಕ್ತರಾದರು. ಎಂಥಾ ಮನುಷ್ಯ, ತನಗೆ ತಾನೇ ಶಿಕ್ಷೆ ಹಾಕಿಕೊಂಡವನು ಅಂತ ಆಡಿಕೊಂಡು, ಮರುಗಳಿಗೆಗೆ ಅಕ್ಕನ ಕಡೆ ನೋಡುತ್ತಿದ್ದರು. ಹೊಡೆದವರು ಸಂತರಾದರು, ಹೊಡೆಸಿಕೊಂಡವಳು ಸಂತರ ತಪ್ಪಾಗಿ ಉಳಿದಳು. ಹೊಸಬರು ಯಾರಾದರೂ ಬಂದು, ಆ ಹಿರಿಯರು ಯಾಕೆ ಹೊರಗೆ ಅಂತ ಕೇಳಿದರೆ, ಕತೆ ಹೇಳಿ ಮುಗಿಸುವಾಗ ಬೆರಳು ಅಕ್ಕನ ಕಡೆ ತಿರುಗುತ್ತಿತ್ತು. ಒಮ್ಮೆ ಬಸ್ಸಿಗೆ ಕಾಯುತ್ತ ಅಕ್ಕ ನನ್ನ ಹತ್ತಿರ ಅಂದಳು:

“ಅಪ್ಪ ಆ ಬಂಡೆ ಮ್ಯಾಲೆ ಕೂತ್ರೆ ಜನಕ್ಕೆ ಕಾಣಾದು ಅಪ್ಪ ಅಲ್ಲ ಕಣೆ. ನನ್ ಕಿವಿ.”

ಆಗಲಾದರೂ ನಾನು ಹೇಳಬಹುದಿತ್ತು, ಮೊದಲು ನಕ್ಕದ್ದು ನಾನು, ಆ ನಗು ಬರದಿದ್ದರೆ ಅಪ್ಪ ಇಳಿದು ಬರುತ್ತಿರಲಿಲ್ಲ ಅಂತ. ಹೇಳಲಿಲ್ಲ. ಬಸ್ಸು ಬಂತು, ಹತ್ತಿದೆವು. ಮುಂದೆ ನಾನು ಶಿರಾದಲ್ಲಿ ಮೇಷ್ಟ್ರಮ್ಮನಾಗಿ ನಿವೃತ್ತಿಯ ತನಕ ಪಾಠ ಮಾಡಿದೆ. ಒಂದು ಮಗುವಿನ ಮೇಲೂ ಕೈಯೆತ್ತಲಿಲ್ಲ, ಒಂದು ಮಗುವಿನ ಹತ್ತಿರವೂ ಗಟ್ಟಿಯಾಗಿ ನಗಲಿಲ್ಲ. ನಾನು ಬಿಗುಮಾನದ ಹೆಂಗಸು ಅಂತ ಹೆಸರಾಯಿತು. ಆಗಲಿ. ಅಪ್ಪನಿಂದ ಬಂದ ಆಸ್ತಿ ಅದು: ತಪ್ಪನ್ನು ಒಳಗಿಟ್ಟುಕೊಂಡು ಮುಖ ಗಂಟಿಕ್ಕುವುದು. ಅಕ್ಕ ಮಿಡಿಗೇಶಿಯಲ್ಲೇ ಅಂಗನವಾಡಿ ಟೀಚರಾಗಿ, ಅಲ್ಲೇ ಮದುವೆಯಾಗಿ ನೆಲೆಸಿದಳು. ಅಮ್ಮ ತೀರಿಕೊಂಡ ಮೇಲೆ ಅಪ್ಪನನ್ನು ಕರೆದುಕೊಂಡು ಹೋಗಿ ಕೊನೆಯ ನಾಲ್ಕು ವರ್ಷ ನೋಡಿಕೊಂಡವಳೂ ಅವಳೇ. ಸ್ನಾನ ಮಾಡಿಸಿದಳು, ಮುದ್ದೆ ಕಿವುಚಿ ಉಣ್ಣಿಸಿದಳು. ಭಾನುವಾರ ಬಂಡೆಯ ಪಕ್ಕಕ್ಕೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿ ಕೂರಿಸಿ, ತಾನು ಒಳಗೆ ಹೋಗಿ ಹಾಡುತ್ತಿದ್ದಳು. ಆ ನಾಲ್ಕು ವರ್ಷದಲ್ಲೂ ತಪ್ಪಾಯಿತು ಅನ್ನುವ ಆ ಮಾತು ಬರಲಿಲ್ಲ. ನಾನು ಪ್ರತಿಸಲ ಫೋನಿನಲ್ಲಿ ಕೇಳುತ್ತಿದ್ದೆ, ಅಪ್ಪ ಏನಾದರೂ ಅಂದರಾ ಅಂತ. ಸಾರಿಗೆ ಉಪ್ಪು ಕಮ್ಮಿ ಅಂದರು ಅನ್ನುತ್ತಿದ್ದಳು ಅಕ್ಕ.

ಒಂದು ಬೆಳಿಗ್ಗೆ ಅಪ್ಪ ನಿದ್ದೆಯಲ್ಲೇ ಹೋದರು. ಬೈಬಲ್ಲಿನ ಕೊನೆಯ ಖಾಲಿ ಹಾಳೆಯಲ್ಲಿ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದರು, ನನ್ನ ದೇಹವನ್ನು ಒಳಗೆ ಒಯ್ಯಬಾರದು, ಬಂಡೆಯ ಹತ್ತಿರವೇ ಪ್ರಾರ್ಥನೆ ಮಾಡಿ ಹೂಳಬೇಕು ಅಂತ. ಪೆಟ್ಟಿಗೆ ಹೊತ್ತವರು ಪ್ರಾರ್ಥನಾಲಯದ ಮುಂದೆ ನಿಂತುಬಿಟ್ಟರು. ಅಂದು ಗಾರೆ ಕಲಸಿದ್ದ ದಾವೀದಪ್ಪ ಈಗ ತಲೆ ಬೆಳ್ಳಗಾದ ಸಭೆಯ ಹಿರಿಯ. ಹೆಗಲ ಮೇಲೆ ಭಾರ ಇಟ್ಟುಕೊಂಡೇ ಅವನು ಅಕ್ಕನ ಬಲಗಡೆಗೆ ಮುಖ ಮಾಡಿ, ಏನು ಮಾಡನವ್ವ ಅಂದ. ನಾನು, ಅಪ್ಪ ಬರೆದಂತೆಯೇ ಆಗಲಿ ಅನ್ನಲು ಬಾಯಿ ತೆರೆದಿದ್ದೆ. ಅಕ್ಕ ನನ್ನ ಕೈ ಒತ್ತಿ ಸುಮ್ಮನಿರಿಸಿದಳು.

“ಮೋಶೆ ವಿಚಾರ ದೇವ್ರು ಮಾತಾಡ್ದ, ಜನ ಮಾತಾಡಿದ್ರು. ಏಟು ತಿಂದ ಬಂಡೆನ ಯಾರೂ ಕೇಳ್ಲಿಲ್ಲ ದಾವೀದಪ್ಪ. ಈಗ ನೀನು ಕೇಳಿದ್ಯಲ್ಲ, ಹೇಳ್ತೀನಿ. ಹೊಡೆಸ್ಕಂಡೂ ನೀರು ಕೊಟ್ಟಿದ್ದು ಅದೇ. ಒಳೀಕೆ ತಗಂಬನ್ನಿ.”

ಅಪ್ಪ ತಾವೇ ಕಡೆದ ಹೊಸ್ತಿಲನ್ನು ಹಾಗೆ ದಾಟಿದರು, ನಾಲ್ಕು ಜನರ ಹೆಗಲ ಮೇಲೆ, ತಮ್ಮ ಮಾತಿಗೆ ವಿರುದ್ಧವಾಗಿ. ನಾನು ಅತ್ತೆ. ಅಪ್ಪ ಆ ಕತೆಯಿಂದ ಜನ್ಮವೆಲ್ಲ ಶಿಕ್ಷೆಯನ್ನೊಂದೇ ಕಲಿತರು. ಬಂಡೆ ನೀರು ಕೊಟ್ಟದ್ದು ಅದೇ ಪುಟದಲ್ಲಿತ್ತು. ಅದನ್ನು ಓದಿದವಳು ಅಕ್ಕ.

ಮಣ್ಣು ಮಾಡಿ ಬಂದು ಸ್ನಾನವಾದ ಮೇಲೆ, ಸಂಜೆ ಬೆಳಕು ಇನ್ನೂ ಇರುವಾಗಲೇ ಅಕ್ಕ ಜಗಲಿಗೆ ಚಾಪೆ ಹಾಸಿ ಅಪ್ಪನ ಬೈಬಲ್ ತಂದಳು. ಬಿಟ್ಟುಹೋದ ಅಧ್ಯಾಯ ಓದು, ಕೇಳಿ ಬಹಳ ಕಾಲವಾಯಿತು ಅಂದಳು. ಮೋಶೆಯ ಪುಟಗಳೆಲ್ಲ ಅಪ್ಪನ ಬೆರಳಿಗೆ ಕಪ್ಪಾಗಿ ಮೆದುವಾಗಿದ್ದವು. ಆ ಎರಡು ಹಾಳೆ ಮಾತ್ರ ಅವುಗಳ ನಡುವೆ ಬೆಳ್ಳಗೆ ಉಳಿದಿದ್ದವು. ನಾನು ಅಕ್ಕನ ಬಲಗಡೆ ಕೂತು ಓದಿದೆ. ಜೋರಾಗಿ ಓದಲಿಲ್ಲ, ಅಷ್ಟು ಹತ್ತಿರವಿದ್ದೆ. ಓದಿ ಮುಗಿಸಿ ಪುಸ್ತಕ ಮುಚ್ಚಿದ ಮೇಲೂ ಅವಳು ಎದ್ದೇಳಲಿಲ್ಲ. ಹಿಂದೆ ನಮ್ಮ ನಡುಮನೆಯಲ್ಲಿ ಕೂತು ಕಾಯುತ್ತಿದ್ದಳಲ್ಲ, ಹಾಗೇ ಕೂತಿದ್ದಳು. ನಾನು ಎದ್ದು ಹೋಗಬಾರದು ಅಂತ ಗಟ್ಟಿ ಮನಸ್ಸು ಮಾಡಿದೆ.

“ಅಕ್ಕ, ಅವತ್ತು ಮೊದ್ಲು ನಕ್ಕಿದ್ದು ನಾನು ಕಣಕ್ಕ. ನಾನ್ ನಕ್ಕಿದ್ದಕ್ಕೇ ಎಲ್ರೂ ನಕ್ಕಿದ್ದು. ತಪ್ಪಾಯ್ತು.”

ಅಕ್ಕ ಎಡಗಿವಿಯ ಮೇಲೆ ಅಂಗೈ ಇಟ್ಟುಕೊಂಡು, ಏನನ್ನೋ ಕೇಳಿಸಿಕೊಳ್ಳುವವಳಂತೆ ತಲೆ ವಾಲಿಸಿ ಹೇಳಿದಳು:

“ಗೊತ್ತು ಕಣೆ. ಈ ಕಿವಿಗೆ ಕೊನೇಗೆ ಕೇಳಿದ್ದೇ ನಿನ್ ನಗು. ಇನ್ನೂ ಐತೆ ಒಳಗೆ.”